ಹೋದ ಮಳೆಗಾಲದ ಕೋಲು

ಯಾರಾದರೂ ಮಾತಾಡುವಾಗ ನಾನು ಮಾತನ್ನು ಕೇಳುವುದಿಲ್ಲ, ಸ್ವರವನ್ನು ಕೇಳುತ್ತೇನೆ. ಇದು ನನ್ನ ಕಸುಬು, ನನ್ನ ರೋಗವೂ ಹೌದು. ವಾರವಿಡೀ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮೊಬೈಲಿನ ಒಡೆದ ಗ್ಲಾಸು ಬದಲಿಸುತ್ತೇನೆ. ಶನಿವಾರ, ಆದಿತ್ಯವಾರಗಳಲ್ಲಿ ಮದರಂಗಿಗೋ ಹುಟ್ಟುಹಬ್ಬಕ್ಕೋ ಶಾಲೆಯ ವಾರ್ಷಿಕೋತ್ಸವಕ್ಕೋ ಹೋಗಿ ಮೈಕು ಹಿಡಿದು ಮಿಮಿಕ್ರಿ ಮಾಡುತ್ತೇನೆ. ಬಸ್ ಕಂಡಕ್ಟರು, ಉದ್ಘಾಟನಾ ಭಾಷಣ ಮಾಡುವವರು, ಚಳಿಗೆ ಸ್ಟಾರ್ಟ್ ಆಗದ ಜೀಪು, ತೆಂಗಿನಕಾಯಿ ತುರಿಯುತ್ತ ಬೈಯುವ ನನ್ನ ಅಮ್ಮ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನನ್ನ ಸ್ವಂತ ಸ್ವರಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. ಅದನ್ನು ಒಮ್ಮೆ ಮೈಕಿನಲ್ಲಿ ಕೇಳಿದವರು ಸೌಂಡಿನವನನ್ನು ಕರೆದು ಎಂತದೋ ಸರಿ ಮಾಡಲು ಹೇಳಿದ್ದರು.

ನಮ್ಮ ಮನೆ ಲಾಯಿಲದಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಅಡ್ಡಗೋಡೆಯ ಆಚೆ ಪೊರ್ಬುಗಳ ಮನೆ. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಹಾಗೆ ಕರೆಯುವುದು. ಅವರ ಹೆಂಡತಿ ನಮಗೆ ಬಾಯಮ್ಮ. ಪೊರ್ಬುಗಳು ಮೂವತ್ತು ವರ್ಷ ಘಟ್ಟದ ಮೇಲೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವುದು, ಅವರಿಗೆ ಬೈಯುವುದು ಅವರ ಕೆಲಸ. ಬರೆಯುವುದನ್ನು ನಿವೃತ್ತಿಯ ದಿನ ಬಿಟ್ಟರು. ಅವರ ಸ್ವರ ಟಿಪ್ಪರಿನಿಂದ ಜಲ್ಲಿ ಇಳಿಸಿದ ಹಾಗಿತ್ತು. ನನ್ನ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ಆ ಜಲ್ಲಿಗೆ.

ಘಟ್ಟ ಇಳಿದು ಬರುವಾಗ ಅವರು ಒದ್ದೆ ಗೋಣಿಯಲ್ಲಿ ಸುತ್ತಿ ಮೂರು ಬೇರು ಬಂದ ತುದಿಗಳನ್ನು ತಂದಿದ್ದರು. ಕಪ್ಪು ರಾಸ್‌ಬೆರಿ. ಎಸ್ಟೇಟಿನ ಬೇಲಿಯ ಮೇಲೆ ಅದು ತಾನಾಗಿ ಹಬ್ಬಿಕೊಂಡಿತ್ತಂತೆ. ಬೆಳಗ್ಗೆ ಹತ್ತು ಗಂಟೆಗೆ ತೋಟ ಸುತ್ತಲು ಹೋದಾಗ ಪೊರ್ಬುಗಳು ಒಂದು ಮುಷ್ಟಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹಲ್ಲು ನೇರಳೆ ಬಣ್ಣಕ್ಕೆ ತಿರುಗುವುದರಿಂದ ರೈಟರು ಯಾವ ಬೇಲಿಯ ಹತ್ತಿರ ಎಷ್ಟು ಹೊತ್ತು ಕಳೆದರೆಂದು ಧಣಿಗಳಿಗೆ ಗೊತ್ತಾಗುತ್ತಿತ್ತಂತೆ. ಮೂವತ್ತು ವರ್ಷ, ಪ್ರತಿ ಬೇಸಿಗೆ ದಿನಾ ತಿಂದ ಹಣ್ಣು.

"ನಮ್ಮ ಸೆಕೆಗೆ ಅದೆಲ್ಲ ಎಲ್ಲಿ ಆಗ್ತದೆ ಪೊರ್ಬುಗಳೇ?" ಎಂದು ಊರವರೆಲ್ಲ ನಕ್ಕರು. ಅವರು ಯಾರ ಮಾತನ್ನೂ ಕೇಳದೆ ಹಲಸಿನ ಮರದ ಮೂಡು ಬದಿಯಲ್ಲಿ, ಬೆಳಗ್ಗಿನ ಬಿಸಿಲು ಮಾತ್ರ ಬೀಳುವ ಜಾಗ ನೋಡಿ ನೆಟ್ಟರು. ಎರಡು ವರ್ಷ ಅದು ಬದುಕಿದೆಯೋ ಇಲ್ಲವೋ ಎಂಬಂತೆ ಇತ್ತು. ಮೂರನೆಯ ಮಳೆಗಾಲಕ್ಕೆ ಎಂತ ಆಯಿತೋ, ಬುಡದಿಂದ ಏಳು ಕೋಲುಗಳು ನನಗಿಂತ ಎತ್ತರಕ್ಕೆ ಎದ್ದವು. ನೇರಳೆ ಬಣ್ಣದ ಕೋಲು, ಮೇಲೆ ಬೂದಿ ಒರೆಸಿದಂಥ ಬಿಳಿ ಪುಡಿ, ಕೊಕ್ಕೆಯಂಥ ಮುಳ್ಳು. ಪೊರ್ಬುಗಳು ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು, ಹಾಜರಿ ಹಾಕುವವರ ಹಾಗೆ ಒಂದೊಂದಕ್ಕೂ ತಲೆ ಆಡಿಸುತ್ತಿದ್ದರು.

ಅದೇ ಮಳೆಗಾಲದಲ್ಲಿ ಅವರ ಗಂಟಲಲ್ಲಿ ಒಂದು ಗಡ್ಡೆ ಕಂಡಿತು. ಮಂಗಳೂರಿನಲ್ಲಿ ಏಳು ವಾರ ಕರೆಂಟು ಕೊಡಬೇಕು ಎಂದರು. ರೇಡಿಯೇಶನ್‌ಗೆ ನಮ್ಮಲ್ಲಿ ಹಾಗೆಯೇ ಹೇಳುವುದು. ಮಗಳ ಫ್ಲ್ಯಾಟಿನಲ್ಲಿ ಉಳಿದುಕೊಂಡು ದಿನಾ ಆಸ್ಪತ್ರೆಗೆ ಹೋಗಿಬರುವುದೆಂದು ನಿಶ್ಚಯವಾಯಿತು.

ಹೊರಡುವ ಮುಂಚಿನ ದಿನ ನನ್ನನ್ನು ಗಿಡದ ಹತ್ತಿರ ಕರೆದು ನಿಲ್ಲಿಸಿದರು. ಅವರು ಬರುವವರೆಗೆ ಗಿಡ ನನ್ನ ಪಾಲು, ಹೇಗೆ ನೋಡಿಕೊಳ್ಳಬೇಕೆಂದು ಕಾಲು ಗಂಟೆ ಮಾತಾಡಿರಬೇಕು. ನಾನು ಮೈಯೆಲ್ಲ ಕಿವಿಯಾಗಿ ಕೇಳಿದೆ, ಆದರೆ ಕೇಳಿದ್ದು ಸ್ವರವನ್ನು. ಜಲ್ಲಿ ಹೋಗಿ ನುಣ್ಣನೆಯ ಹೊಯಿಗೆಯಾಗಿತ್ತು. ಪ್ರತಿ ವಾಕ್ಯದ ಕೊನೆಯಲ್ಲಿ ಒಂದು ಸಣ್ಣ ಗಾಳಿ ಸೇರಿಕೊಳ್ಳುತ್ತಿತ್ತು. ಆ ಗಾಳಿಯನ್ನು ಎಲ್ಲಿಂದ ತೆಗೆಯುವುದು, ಮೂಗಿನಿಂದಲೋ ಎದೆಯಿಂದಲೋ ಎಂದು ನಾನು ಒಳಗೊಳಗೆ ಅಭ್ಯಾಸ ಮಾಡುತ್ತಿದ್ದೆ. ಕಾಯಿಲೆಯ ಮನುಷ್ಯ ಮುಂದೆ ನಿಂತು ಮಾತಾಡುವಾಗ ನನಗೆ ಬಂದ ಯೋಚನೆ ಅದು. ಬರೆಯಲು ಈಗ ನಾಚಿಕೆಯಾಗುತ್ತದೆ, ಆಗ ಆಗಿರಲಿಲ್ಲ.

"ಎಂತ ಹೇಳಿದೆ? ಹೇಳು ನೋಡುವ," ಎಂದರು ಕೊನೆಗೆ.

ನಾನು ಹೇಳಿದೆ. ಅವರದೇ ಸ್ವರದಲ್ಲಿ, ಅದೇ ಗಾಳಿ ಸೇರಿಸಿ, ಒಂದು ಶಬ್ದ ಆಚೀಚೆ ಆಗದ ಹಾಗೆ, ಇಡೀ ಭಾಷಣ. ಮೆಟ್ಟಿಲಲ್ಲಿ ಕೂತಿದ್ದ ಬಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಪೊರ್ಬುಗಳು ಕೈಯ ಊರುಗೋಲು ಎತ್ತಿದರು, ಆದರೆ ಸಮಾಧಾನದಿಂದಲೇ ಇಳಿಸಿದರು. ಇಷ್ಟು ಬಾಯಿಪಾಠ ಬಂದವನಿಗೆ ತಿಳಿಯದೆ ಇರುತ್ತದೆಯೇ ಎಂದು ಅವರಿಗೆ ಅನಿಸಿರಬೇಕು. ಟೇಪ್‌ ರೆಕಾರ್ಡರು ಹಾಡಿನ ಅರ್ಥ ತಿಳಿದುಕೊಂಡು ಹಾಡುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಟೇಪ್‌ ರೆಕಾರ್ಡರಿಗಂತೂ ಹೊಳೆಯಲೇ ಇಲ್ಲ.

ನನ್ನ ಅಮ್ಮನದು ಮಲ್ಲಿಗೆ. ಅಂಗಳದ ಸುತ್ತ ಮೂವತ್ತು ಬುಡ ಉಂಟು. ಬೆಳಗಾಗುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಂಟ್ವಾಳದ ಕಡೆ ಹೋಗುವ ಬಸ್ಸಿಗೆ ಕೊಡುವುದು ಅವಳ ನಿತ್ಯದ ಓಟ. ಮಳೆ ಪೂರಾ ಬಿಟ್ಟ ಮೇಲೆ ಅವಳು ಕತ್ತರಿ ಹಿಡಿದು ಗಿಡಗಳ ಮೇಲೆ ಬೀಳುತ್ತಾಳೆ. ಹಳೆಯ ಕೊಂಬು ಹೋಗಬೇಕು, ಹೊಸ ಚಿಗುರು ಬರಬೇಕು, ಚಿಗುರಿನ ತುದಿಗೆ ಮೊಗ್ಗು ಬರಬೇಕು. ಕಡಿಯದಿದ್ದರೆ ಗಿಡ ಸೋಮಾರಿಯಾಗುತ್ತದೆ ಎನ್ನುವುದು ಅವಳ ಸಿದ್ಧಾಂತ. ಇದನ್ನು ಹೇಳುವಾಗ ಅವಳು ನೋಡುವುದು ಗಿಡವನ್ನಲ್ಲ, ನನ್ನನ್ನು.

ಪೊರ್ಬುಗಳು ಮಂಗಳೂರಿಗೆ ಹೋಗಿ ಎರಡು ವಾರವಾಗಿತ್ತು. ಅಮ್ಮ ನಮ್ಮ ಬದಿಯ ಕೊನೆಯ ಮಲ್ಲಿಗೆ ಮುಗಿಸಿ ಗೋಡೆಯಾಚೆ ಇಣುಕಿದಳು.

"ಅದೆಂತ ಅದು, ಕಾಡು ಮಾಡಿ ಹಾಕಿದ್ದಿ? ಪೊರ್ಬುಗಳು ಬಂದು ನೋಡಿದ್ರೆ ನನಗೆ ಬೈತಾರೆ, ನಿನ್ನಂಥವನನ್ನು ಹೆತ್ತದ್ದಕ್ಕೆ."

"ನೀರು ಹಾಕ್ತಾ ಇದ್ದೇನಲ್ಲ."

"ನೀರು ಹಾಕಿದ್ರೆ ಎಲೆ ಬರ್ತದೆ. ಹಣ್ಣು ಬೇಕಾದ್ರೆ ಕಡೀಬೇಕು. ಇಕಾ ಕತ್ತರಿ."

ಕಡಿದೆ. ಎದುರಿನ ನಾಲ್ಕು ಕೋಲುಗಳನ್ನು ನೆಲಕ್ಕೆ ಸಮ ಮಾಡಿದೆ. ಹಿಂದಿನ ಮೂರನ್ನು ಕಡಿಯುವಾಗ ಮುಳ್ಳು ಅಂಗಿಗೆ ಸಿಕ್ಕಿಹಾಕಿಕೊಂಡಿತು. ಬಗ್ಗಲು ಉದಾಸೀನವಾಗಿ ಒಂದೊಂದು ಮೊಣಕೈಯಷ್ಟು ಉಳಿಸಿ ಬಿಟ್ಟೆ. ಕಡಿದ ಕೋಲುಗಳನ್ನು ಹಂದಿ ಬಾರದಂತೆ ಬೇಲಿಯ ತೂತಿಗೆ ತುಂಬಿಸಿದೆ. ಆಮೇಲೆ ಕ್ಷೌರದಂಗಡಿಯವರ ಹಾಗೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಚೆಂದ ಕಂಡಿತು.

ಪ್ರತಿ ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಬಂದು ಬಾಯಮ್ಮ ಫೋನ್ ಮಾಡಿ, ಕೊಂಕಣಿಯಲ್ಲಿ ಮಗನನ್ನು ಕರೆದ ಹಾಗೆ ಪುತಾ ಎಂದು ಮಾತು ಶುರು ಮಾಡುತ್ತಿದ್ದರು. ಆ ವಾರ ಅವರ ಸ್ವರ ತಗ್ಗಿತ್ತು.

"ಪುತಾ, ಇವರು ಎಂತದೂ ತಿನ್ನುದಿಲ್ಲ. ಗಂಜಿ ಕೊಟ್ರೆ ಮಣ್ಣು ಅಂತಾರೆ. ನೀರು ಕುಡಿದ್ರೆ ಕಬ್ಬಿಣ ಅಂತಾರೆ. ನಾಲಿಗೆಯ ರುಚಿ ಹೋಗಿದೆಯಂತೆ, ಕರೆಂಟಿಗೆ ಹಾಗೆ ಆಗ್ತದಂತೆ. ಬರ್ತದೆ ಅಂತಾರೆ ಡಾಕ್ಟ್ರು, ಯಾವಾಗ ಅಂತ ಹೇಳುದಿಲ್ಲ."

"ಬರ್ತದೆ ಬಾಯಮ್ಮ."

"ಬರುದಿಲ್ಲ ಅಂತ ಇವರು ಹಟ ಹಿಡಿದಿದ್ದಾರೆ. ಬೇರೆ ಯಾವುದನ್ನು ತಿಂದು ನೋಡ್ಲಿಕ್ಕೂ ಒಪ್ಪುದಿಲ್ಲ. ಆ ಗಿಡದ ಹಣ್ಣು ತಿಂದ್ರೆ ನನಗೆ ಗೊತ್ತಾಗ್ತದೆ, ನಾಲಿಗೆ ಉಂಟಾ ಇಲ್ವಾ ಅಂತ ಹೇಳ್ತಾರೆ. ಈ ಬೇಸಿಗೆಗೆ ಹಣ್ಣು ಗ್ಯಾರಂಟಿಯಂತೆ. ಗೋಡೆ ನೋಡಿಕೊಂಡು ದಿನ ಲೆಕ್ಕ ಹಾಕುದು. ಅದೊಂದಕ್ಕೇ ಪುತಾ ಬೆಳಿಗ್ಗೆ ಎದ್ದು ಕೂತುಕೊಳ್ಳುದು. ಗಿಡ ಹೇಗುಂಟು?"

"ಫಸ್ಟ್‌ಕ್ಲಾಸ್ ಉಂಟು. ಪೂರಾ ಕ್ಲೀನ್ ಮಾಡಿದ್ದೇನೆ," ಎಂದೆ. ಹೆಮ್ಮೆಯಿಂದಲೇ ಎಂದೆ.

ಮುಂದಿನ ಶನಿವಾರ ಸಂಜೆ ಶಿರ್ತಾಡಿಯಲ್ಲಿ ಒಂದು ಮದರಂಗಿ. ಅಂಗಳ ತುಂಬ ಜನ, ಕೆಂಪು ಹಸಿರು ಲೈಟು, ಮದುಮಗಳ ಎರಡೂ ಕೈ ಚಾಚಿಕೊಂಡಿದ್ದರಿಂದ ಅವಳ ಬಾಯಿಗೆ ಅವಳ ಚಿಕ್ಕಮ್ಮ ಕೋಳಿ ಸುಕ್ಕ ಹಾಕುತ್ತಿದ್ದರು. ನಾನು ಕಂಡಕ್ಟರನ್ನು ಇಳಿಸಿದೆ, ಜೀಪನ್ನು ಸ್ಟಾರ್ಟ್ ಮಾಡಿದೆ, ಕೊನೆಗೆ ಪೊರ್ಬುಗಳನ್ನು ತೆಗೆದೆ. ಆ ಕಾಲು ಗಂಟೆಯ ಭಾಷಣ ಹೊಸದಾಗಿ ಕೈಗೆ ಸಿಕ್ಕಿತ್ತಲ್ಲ, ಅದನ್ನೇ ಹಾಕಿದೆ.

"ಕೇಳು ಇಲ್ಲಿ. ಗಾಳಿಗೆ ಬಾಯಿ ತೆರೆದು ನಿಲ್ಲಬೇಡ. ಈ ಮಳೆಗೆ ಎದ್ದ ಕೋಲಲ್ಲಿ ಬರುವ ಬೇಸಿಗೆಗೆ ಹಣ್ಣು. ಹೊಸ ಚಿಗುರಲ್ಲಿ ಎಂತದೂ ಇಲ್ಲ, ಅದು ಬರುವ ವರ್ಷದ್ದು. ಹಣ್ಣು ಕೊಟ್ಟ ಕೋಲು ತನ್ನಷ್ಟಕ್ಕೆ ಸಾಯ್ತದೆ, ಆಗ ಕಡಿ. ಅದಕ್ಕಿಂತ ಮುಂಚೆ ಅದಕ್ಕೆ ಕತ್ತರಿ ತೋರಿಸಿದ್ರೆ ನಿನ್ನ ಕೈ ಕಡೀತೇನೆ ಮಾರಾಯ."

ಜನ ಬಿದ್ದು ಬಿದ್ದು ನಕ್ಕರು. ನಾನು ಮೈಕು ಹಿಡಿದು ನಿಂತೇ ಇದ್ದೆ. ಮೊದಲ ಸಲ ಆ ಮಾತು ನನ್ನ ಕಿವಿಗೆ ಬಿದ್ದದ್ದು ಅಲ್ಲಿ, ನನ್ನದೇ ಬಾಯಿಂದ, ಎರಡು ದೊಡ್ಡ ಸ್ಪೀಕರುಗಳಲ್ಲಿ. ಮುಂದಿನ ವಾಕ್ಯ ಬರಲಿಲ್ಲ. ಜನ ಅದನ್ನೂ ಅಭಿನಯವೆಂದು ತಿಳಿದು ಇನ್ನಷ್ಟು ಚಪ್ಪಾಳೆ ಹೊಡೆದರು. ಸೌಂಡಿನವನು ವಯರು ಅಲ್ಲಾಡಿಸಿ ನೋಡಿದ. ಏಳು ಕೋಲು. ಏಳನ್ನೂ ನಾನೇ ಬೇಲಿಯ ತೂತಿಗೆ ತುಂಬಿಸಿದ್ದೆ.

ಮರುದಿನ ಬೆಳಗ್ಗೆ ಬೈಕು ಹತ್ತಿ ಮೂಡುಬಿದಿರೆಯ ಹೊರಗಿನ ಒಂದು ನರ್ಸರಿಗೆ ಹೋದೆ. ಅಲ್ಲಿಯವರು ಕಸಿ ಕಟ್ಟುತ್ತ ತಲೆಯೆತ್ತದೆ ನನ್ನ ಕತೆ ಕೇಳಿದರು.

"ನೆಲಕ್ಕೆ ಸಮ ಕಡಿದದ್ದು ಎಷ್ಟು?"

"ನಾಲ್ಕು."

"ಅದಕ್ಕೆ ಒಂದು ನಮಸ್ಕಾರ ಮಾಡು. ಉಳಿದದ್ದು?"

"ಮೂರು ಗೂಟ ಉಂಟು, ಮೊಣಕೈಯಷ್ಟು."

"ಕಣ್ಣು ಉಂಟಾ ಗೂಟದಲ್ಲಿ? ಎಲೆ ಬಿದ್ದ ಜಾಗದಲ್ಲಿ ಗಂಟಿನ ಹಾಗೆ?"

"ನೋಡ್ಲಿಲ್ಲ."

"ಕಡೀಲಿಕ್ಕೆ ಕಣ್ಣು ಬೇಡ, ಅಲ್ವಾ?" ಎಂದು ಈಗ ತಲೆಯೆತ್ತಿದರು. "ಕಣ್ಣು ಇದ್ರೆ ಬದಿಗೆ ಒಂದು ಕವಲು ಬಂದು ಅದರ ತುದಿಗೆ ಹೂ ಆದೀತು. ಆದೀತು ಹೇಳಿದ್ದು. ಆಗ್ತದೆ ಹೇಳಲಿಲ್ಲ."

ಬಂದು ಮಣ್ಣಿಗೆ ಮುಖ ತಾಗಿಸಿ ನೋಡಿದೆ. ಮೂರು ಗೂಟಗಳಲ್ಲಿ ಒಂದು ಮೇಲಿನಿಂದ ಕಂದಿ ಒಣಗಲು ಶುರುವಾಗಿತ್ತು. ಉಳಿದೆರಡರಲ್ಲಿ ಐದು ಕಣ್ಣು. ಐದು ಎಂದರೆ ಐದೇ. ಬುಡದಲ್ಲಿ ಹೊಸ ಚಿಗುರು ಗುಂಪುಗುಂಪಾಗಿ ಎದ್ದಿತ್ತು, ಹಸಿರಾಗಿ, ಕೊಬ್ಬಿ, ನನ್ನ ಹಾಗೆ ಈ ವರ್ಷ ಯಾವ ಪ್ರಯೋಜನಕ್ಕೂ ಇಲ್ಲದ್ದು.

ಅಮ್ಮನಿಗೆ ಹೇಳಿದೆ. ಅವಳ ಕೈಯಲ್ಲಿದ್ದ ಬಾಳೆನಾರು ಅಲ್ಲೇ ನಿಂತಿತು.

"ನಾನು ಮಲ್ಲಿಗೆಯ ಹಾಗೆ ಅಂತ ತಿಳ್ಕೊಂಡೆ," ಎಂದಳು.

"ನನಗೆ ಅವರು ಹೇಳಿದ್ದರು."

"ಮತ್ತೆ?"

"ನಾನು ಕೇಳ್ಲಿಲ್ಲ."

ಅವಳು ಬೈಯುವಳೆಂದು ಕಾದೆ. ಬೈಯಲಿಲ್ಲ. ನಾರನ್ನು ಪುನಃ ಮೊಗ್ಗಿಗೆ ಸುತ್ತುತ್ತ, "ಫೋನಲ್ಲಿ ಹೇಳಬೇಡ. ಕರೆಂಟು ಮುಗಿಯುವವರೆಗೆ ಬೇಡ. ಬಂದ ದಿನ ಎದುರು ನಿಂತು ಹೇಳು," ಎಂದಳು.

ಹಾಗಾಗಿ ನಾಲ್ಕು ಆದಿತ್ಯವಾರ ನಾನು ಕೆಟ್ಟ ನೆಟ್‌ವರ್ಕ್ ಆದೆ. ಬಾಯಮ್ಮ ವಿಡಿಯೋ ಕಾಲ್ ಮಾಡಿ "ಗಿಡ ತೋರಿಸು, ಇವರು ನೋಡ್ಬೇಕಂತೆ" ಎಂದ ಕೂಡಲೇ ನಾನು ಫೋನನ್ನು ಸ್ವಲ್ಪ ಅಲ್ಲಾಡಿಸಿ, "ಬಾ... ಮ್ಮ... ಕಟ್... ಕಟ್ಟಾ..." ಎಂದು ತುಂಡು ತುಂಡು ಸ್ವರ ತೆಗೆದು, ಅರ್ಧ ಬಾಯಿ ತೆರೆದು ಮುಖವನ್ನು ಗಟ್ಟಿ ಮಾಡಿ ನಿಲ್ಲುತ್ತಿದ್ದೆ. ಮೊಬೈಲು ರಿಪೇರಿಯವನಿಗೆ ಹ್ಯಾಂಗ್ ಆದ ಫೋನಿನ ಪರಿಚಯ ಇರುತ್ತದೆ. "ಈ ಲಾಯಿಲಕ್ಕೆ ನೆಟ್‌ವರ್ಕ್ ಬರುವಾಗ ನಾವು ಯಾರೂ ಇರುದಿಲ್ಲ," ಎಂದು ಬಾಯಮ್ಮ ಗೊಣಗಿ ಕಾಲ್ ಕಟ್ ಮಾಡುತ್ತಿದ್ದರು.

ನಾಲ್ಕನೆಯ ವಾರ ಕಟ್ ಮಾಡಲಿಲ್ಲ. ಫೋನು ಪೊರ್ಬುಗಳ ಕೈಗೆ ಹೋಯಿತು. ಗುರುತು ಸಿಗಲಿಲ್ಲ. ಕೆನ್ನೆ ಒಳಗೆ ಹೋಗಿ, ಕುತ್ತಿಗೆ ಸುಟ್ಟ ಹಾಗೆ ಕಪ್ಪಾಗಿ, ಕಣ್ಣು ಮಾತ್ರ ಹಳೆಯದೇ. ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಸುಮ್ಮನೆ ನೋಡಿದರು. ನಾನು ಬಾಯಿ ತೆರೆದು ಹ್ಯಾಂಗ್ ಆಗಿದ್ದೆ. ದವಡೆ ನೋಯತೊಡಗಿತು. ಒಂದು ನೊಣ ಬಂದು ಮೂಗಿನ ಮೇಲೆ ಕೂತು ನಿಧಾನವಾಗಿ ತುಟಿಯ ಕಡೆ ನಡೆಯಿತು. ಹ್ಯಾಂಗ್ ಆದ ಮುಖದ ಮೇಲೆ ನೊಣ ನಡೆಯುವುದನ್ನು ಆ ಮನುಷ್ಯ ಒಂದೂವರೆ ನಿಮಿಷ ನೋಡಿದರು. ಆಮೇಲೆ ಫೋನನ್ನು ಮಗುಚಿ ಹಾಸಿಗೆಯ ಮೇಲೆ ಇಟ್ಟರು. ನನಗೆ ಕತ್ತಲೆ ಕಂಡಿತು.

ಬೆಳಗ್ಗೆ ನೀರು, ಬುಡಕ್ಕೆ ಒಣ ತರಗೆಲೆ, ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಮಡಲಿನ ಮರೆ. ಅಂಗಡಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಐದು ಕಣ್ಣು ನೋಡುತ್ತಿದ್ದೆ. ಅವು ಮುಚ್ಚಿಕೊಂಡೇ ಇದ್ದವು. ಒಂದನ್ನು ಇರುವೆ ತಿಂದಿತು. ನಾಲ್ಕು.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಇರುವಾಗ ಅವರು ಬಂದರು. ಆ ವಾರವಿಡೀ ನಾನು ತಪ್ಪೊಪ್ಪಿಗೆಯನ್ನು ಅಭ್ಯಾಸ ಮಾಡಿದ್ದೆ. ಉದ್ಘಾಟನಾ ಭಾಷಣದವರ ಸ್ವರದಲ್ಲಿ ಅದು ಗಂಭೀರವಾಗಿ ಬರುತ್ತಿತ್ತು. ಕಂಡಕ್ಟರನ ಸ್ವರದಲ್ಲಿ ಬೇಗ ಮುಗಿಯುತ್ತಿತ್ತು. ನನ್ನದರಲ್ಲಿ "ಪೊರ್ಬುಗಳೇ" ಎನ್ನುವಲ್ಲಿಗೆ ನಿಲ್ಲುತ್ತಿತ್ತು.

ಕಾರಿನಿಂದ ಇಳಿದ ಪೊರ್ಬುಗಳು ಮನೆಯ ಬಾಗಿಲಿಗೆ ಹೋಗಲಿಲ್ಲ. "ಮೊದಲು ಒಳಗೆ ಬನ್ನಿ, ಕೂತುಕೊಳ್ಳಿ," ಎಂದು ಬಾಯಮ್ಮ ಹಿಂದಿನಿಂದ ಹೇಳುತ್ತಲೇ ಇದ್ದರು. ಅವರು ಊರುಗೋಲು ಊರುತ್ತ ಹಲಸಿನ ಮರದ ಮೂಡು ಬದಿಗೆ ಹೋದರು. ನಾನು ಗೋಡೆ ಹಾರಿ ಓಡಿದೆ. ನಾನು ತಲುಪುವಾಗ ಅವರು ನಿಂತು ನೋಡುತ್ತಿದ್ದರು. ಏಳು ಕೋಲು ಇದ್ದ ಜಾಗದಲ್ಲಿ ಮೂರು ಗೂಟ.

"ಯಾರು?" ಎಂದರು. ಅದು ಸ್ವರವಲ್ಲ, ಗಾಳಿ ಮಾತ್ರ.

"ನಾನು," ಎಂದೆ.

"ನಾನು ಹೇಳಿದ್ದು ಪೊರ್ಬುಗಳೇ," ಎಂದಳು ಗೋಡೆಯಾಚೆಯಿಂದ ಅಮ್ಮ. "ಮಲ್ಲಿಗೆಯ ಲೆಕ್ಕದಲ್ಲಿ ಕಡಿಸಿದೆ. ಅವನ ತಪ್ಪಲ್ಲ."

"ಅಲ್ಲ," ಎಂದೆ. "ನೀವು ನನಗೆ ಹೇಳಿದ್ದಿರಿ. ನಾನು ಬಾಯಿಪಾಠ ಮಾಡಿದ್ದು, ಕೇಳಿದ್ದಲ್ಲ."

ಅವರು ನನ್ನನ್ನು ನೋಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಬಾಯಮ್ಮ ಬಂದು, ಗಿಡ ನೋಡಿ, ನನ್ನನ್ನು ನೋಡಿ, ಅವರ ತೋಳು ಹಿಡಿದು ಎಬ್ಬಿಸಿದರು. ಹೋಗುವಾಗ ಪೊರ್ಬುಗಳು ಊರುಗೋಲಿನ ತುದಿಯಿಂದ ನಾಲ್ಕು ಸಮ ಕಡಿದ ಬುಡಗಳನ್ನು ಒಂದೊಂದಾಗಿ ಮುಟ್ಟಿದರು. ಹಾಜರಿ.

ಆಮೇಲೆ ಎರಡು ವಾರ ಅವರು ಹೊರಗೆ ಬರಲಿಲ್ಲ. ಬಾಯಮ್ಮ ಗೋಡೆಯ ಹತ್ತಿರ ಬಂದು ಅಮ್ಮನೊಡನೆ ಮೆಲ್ಲನೆ ಮಾತಾಡುತ್ತಿದ್ದರು. ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ಹಾಕಿದ್ದ ನಳಿಗೆಯನ್ನು ತೆಗೆದಿದ್ದಾರೆ, ಇನ್ನು ಬಾಯಿಯಿಂದಲೇ ತಿನ್ನಬೇಕು ಎಂದು ಡಾಕ್ಟ್ರು ಹೇಳಿದ್ದಾರೆ, ತಿನ್ನುವುದಿಲ್ಲ. ಎರಡು ಚಮಚ ಗಂಜಿಗೆ ಅರ್ಧ ಗಂಟೆ. ತೂಕ ಇಳಿಯುತ್ತಲೇ ಇದೆ. "ಮಣ್ಣು ಯಾರು ತಿಂತಾರೆ ಅಂತ ಕೇಳ್ತಾರೆ. ಎಂತ ಹೇಳುದು ನಾನು?" ನಾನು ಬೈಕು ಒರೆಸುವ ನೆಪದಲ್ಲಿ ಅದನ್ನೆಲ್ಲ ಕೇಳುತ್ತಿದ್ದೆ. ಈಗ ಸ್ವರ ಕೇಳುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಬಾಯಮ್ಮನ ಸ್ವರ ಹೇಗಿತ್ತೆಂದು ಇಂದಿಗೂ ನೆನಪಾಗುವುದಿಲ್ಲ.

ಜನವರಿಯ ಒಂದು ಬೆಳಗ್ಗೆ ಅಡ್ಡಗೋಡೆಗೆ ಯಾರೋ ಕೋಲಿನಿಂದ ಬಡಿದರು. ಓಡಿದೆ. ಪೊರ್ಬುಗಳು ಗಿಡದ ಹತ್ತಿರ ಬಗ್ಗಿ ನಿಂತಿದ್ದರು. ಬೆರಳು ತೋರಿಸಿದರು. ಒಂದು ಗೂಟದ ಕಣ್ಣಿನಿಂದ ಗುಲಗಂಜಿಯಷ್ಟು ಹಸಿರು ಹೊರಗೆ ಬಂದಿತ್ತು. ನಾನು ಹಿಂದಿನ ಸಂಜೆ ನೋಡಿ ಇಲ್ಲವೆಂದು ಹೋಗಿದ್ದೆ.

ಅವರ ಬಾಯಿಯ ಹತ್ತಿರ ಕಿವಿ ಕೊಟ್ಟೆ. "ಮಡಲು ತೆಗಿ. ಬೆಳಗ್ಗಿನ ಬಿಸಿಲು ಬೇಕು ಇದಕ್ಕೆ. ಮಧ್ಯಾಹ್ನ ಪುನಃ ಇಡು. ಬಾಯಮ್ಮನ ಹತ್ರ ಹಳೇ ಸಗಣಿ ಗೊಬ್ಬರ ಉಂಟು, ಕೇಳು."

ನಾನು ಯೋಚಿಸಲಿಲ್ಲ. ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿ ಅವರ ಹಳೆಯ ಸ್ವರದಲ್ಲಿ, ಟಿಪ್ಪರು ಪೂರ್ತಿ ಎತ್ತಿ, "ಇಕೊಳ್ಳಿ, ಆ ಹಳೇ ಗೊಬ್ಬರ ಎಲ್ಲುಂಟು?" ಎಂದುಬಿಟ್ಟೆ.

ಒಳಗೆ ಪಾತ್ರೆ ಬಿತ್ತು. "ನಿಮಗೆ ಮಾತಾಡಬೇಡಿ ಅಂತ ಡಾಕ್ಟ್ರು ಎಷ್ಟು ಸಲ ಹೇಳಿದ್ದು?" ಎನ್ನುತ್ತ ಬಾಯಮ್ಮ ಹೊರಗೆ ಬಂದವರು ಬಾಗಿಲಲ್ಲೇ ನಿಂತರು. ಆ ಸ್ವರ ಅವರು ಮೂರು ತಿಂಗಳಿಂದ ಕೇಳಿರಲಿಲ್ಲ. ಇವತ್ತು ನನಗೆ ಪೆಟ್ಟು ಗ್ಯಾರಂಟಿ ಎಂದುಕೊಂಡೆ. ಪೊರ್ಬುಗಳ ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದಾರೋ ಕೆಮ್ಮುತ್ತಿದ್ದಾರೋ ಗೊತ್ತಾಗಲಿಲ್ಲ. ಬಾಯಮ್ಮ ಕಣ್ಣೊರೆಸಿಕೊಂಡು, "ಬಚ್ಚಲಿನ ಹಿಂದೆ ಉಂಟು," ಎಂದು ನನಗೆ ಹೇಳಿ ಒಳಗೆ ಹೋದರು.

ನಾಲ್ಕು ಕಣ್ಣಿನಲ್ಲಿ ಎರಡು ಕವಲೊಡೆದವು. ಕವಲುಗಳ ತುದಿಯಲ್ಲಿ ಗುಲಾಬಿ ಬಣ್ಣದ ಸಣ್ಣ ಹೂಗಳು ಬಂದವು. ಹೂ ಉದುರಿ ಹನ್ನೊಂದು ಹೀಚು ನಿಂತಿತು. ಆಮೇಲೆ ನಿಜವಾದ ಕಷ್ಟ ಶುರುವಾಯಿತು. ಹೀಚು ಕೆಂಪಾಗುತ್ತಿದ್ದಂತೆ ಪಿಕಳಾರ ಹಕ್ಕಿಗಳಿಗೆ ಸುದ್ದಿ ಹೋಯಿತು. ಒಂದೇ ಬೆಳಗ್ಗೆ ಮೂರು ಹೋಯಿತು. ಅಮ್ಮ ತನ್ನ ಹಾಸಿಗೆಯ ಸೊಳ್ಳೆಪರದೆ ಬಿಚ್ಚಿ ತಂದು, ಹಲಸಿನ ಕೊಂಬೆಗೆ ಕಟ್ಟಿ ಇಳಿಬಿಟ್ಟಳು. "ನನಗೆ ಸೊಳ್ಳೆ ಕಚ್ಚಿದ್ರೆ ತೊಂದರೆ ಇಲ್ಲ," ಎಂದು ಯಾರೂ ಕೇಳದಿದ್ದರೂ ಹೇಳಿದಳು. ಇನ್ನೆರಡು ಬಲಿಯದೆ ಒಣಗಿದವು. ಆರು ಉಳಿಯಿತು.

ಪೊರ್ಬುಗಳು ಪರದೆಯ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಪರದೆಯೊಳಗೆ ಗಿಡ ಹೆರಿಗೆಯ ಕೋಣೆಯಲ್ಲಿದ್ದ ಹಾಗಿತ್ತು. ಅವರು ಗಂಜಿ ತಿನ್ನುವುದನ್ನು ಪೂರ್ತಿ ಬಿಟ್ಟಿರಲಿಲ್ಲ, ಆದರೆ ಹಣ್ಣು ಆಗಲಿ, ಆಮೇಲೆ ನೋಡುವ ಎಂಬ ಒಂದು ಒಪ್ಪಂದಕ್ಕೆ ಮನೆಯವರನ್ನೆಲ್ಲ ತಂದಿದ್ದರು. ಆಮೇಲೆ ಎಂತದು ಎಂದು ಯಾರೂ ಕೇಳಲಿಲ್ಲ. ಹಣ್ಣು ತಿಂದು ಅದೂ ಮಣ್ಣಾದರೆ ಎಂತ ಮಾಡುವುದು ಎಂಬುದು ಬಾಯಮ್ಮನ ಮುಖದಲ್ಲಿ ದಿನಾ ಇರುತ್ತಿತ್ತು. ನನಗೆ ಒಮ್ಮೊಮ್ಮೆ ಈ ಹಣ್ಣು ಆಗದೆ ಇದ್ದಿದ್ದರೇ ಒಳ್ಳೆಯದಿತ್ತು, ಆಗ ತಪ್ಪು ನನ್ನದೆಂದು ಬೈಸಿಕೊಂಡು ಮುಗಿಯುತ್ತಿತ್ತು ಎಂದೂ ಅನಿಸಿದ್ದುಂಟು.

ಕೆಂಪು ನೇರಳೆಯಾಯಿತು, ನೇರಳೆ ಕಪ್ಪಾಯಿತು. ಪೊರ್ಬುಗಳು ಹೇಳಿಕೊಟ್ಟಿದ್ದ ಪರೀಕ್ಷೆ ಒಂದೇ: ಹಣ್ಣಾದದ್ದನ್ನು ಕೀಳಬೇಕಾಗಿಲ್ಲ, ಮುಟ್ಟಿದರೆ ಟೊಪ್ಪಿ ತೆಗೆದ ಹಾಗೆ ಕಳಚಿ ಬರುತ್ತದೆ, ಬಿಳಿ ದಿಂಡು ಗಿಡದಲ್ಲೇ ಉಳಿಯುತ್ತದೆ. ಫೆಬ್ರವರಿಯ ಕೊನೆಗೆ ಒಂದು ಶುಕ್ರವಾರ, ಹತ್ತು ಗಂಟೆಯ ಹೊತ್ತಿಗೆ, ನಾನು ಅಂಗಡಿಗೆ ಹೋಗದೆ ಪರದೆಯೊಳಗೆ ಕೈ ಹಾಕಿದೆ. ಒಂದು ಕಳಚಿತು. ಇನ್ನೊಂದೂ ಕಳಚಿತು. ಎರಡನ್ನೂ ಅಂಗೈಯಲ್ಲಿ ಇಟ್ಟು ತಂದೆ.

ಪೊರ್ಬುಗಳು ಒಂದನ್ನು ತೆಗೆದುಕೊಂಡರು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬಾಯಮ್ಮನ ಕೈ ಕುರ್ಚಿಯ ಬೆನ್ನ ಮೇಲಿತ್ತು. ಅಮ್ಮ ಗೋಡೆಯ ಆಚೆ, ಕತ್ತು ಮಾತ್ರ ಕಾಣುವ ಹಾಗೆ. ಅವರು ಅಗಿಯಲಿಲ್ಲ. ನಾಲಿಗೆಯಿಂದ ಒತ್ತುತ್ತಿದ್ದುದು ಕೆನ್ನೆಯ ಮೇಲೆ ಕಾಣುತ್ತಿತ್ತು. ಬಲಕ್ಕೆ, ಎಡಕ್ಕೆ. ನುಂಗಲು ಕಷ್ಟಪಟ್ಟರು. ನುಂಗಿದರು.

"ಹುಳಿ," ಎಂದರು.

ಬಾಯಮ್ಮ ಹಿಂದಿನಿಂದ ಬಗ್ಗಿ ಕಿವಿ ಕೊಟ್ಟರು.

"ಮಣ್ಣಲ್ಲ. ಹುಳಿ,"  ಎಂದರು ಪುನಃ. ಆಮೇಲೆ ನನ್ನ ಅಂಗೈ ನೋಡಿದರು. "ನೀನು ಅದನ್ನು ತಿನ್ನು. ಹುಳಿ ಉಂಟಲ್ಲ?"

ನಾನು ತಿಂದೆ. ಅಂಥ ಸಿಹಿ ನಾನು ಯಾವ ಹಣ್ಣಿನಲ್ಲೂ ತಿಂದಿರಲಿಲ್ಲ. ಹುಳಿ ಎಂಬುದು ಎಲ್ಲೋ ದೂರದಲ್ಲಿ, ಕೊನೆಗೆ, ಹೌದೋ ಅಲ್ಲವೋ ಎಂಬಷ್ಟು. ಮೂವರೂ ನನ್ನನ್ನು ನೋಡುತ್ತಿದ್ದರು. ಬಾಯಮ್ಮ ಅವರ ತಲೆಯ ಹಿಂದಿನಿಂದ ನನಗೆ ಕಣ್ಣಲ್ಲಿ ಹೇಳುತ್ತಿದ್ದರು, ಹೌದು ಹೇಳು, ಹೌದು ಹೇಳು ಎಂದು. ಹೌದೆಂದು ಯಾವ ಸ್ವರದಲ್ಲಿ ಬೇಕಾದರೂ ಹೇಳಬಲ್ಲವನು ನಾನು.

"ಸಿಹಿ ಉಂಟು ಪೊರ್ಬುಗಳೇ," ಎಂದೆ. "ತುಂಬಾ ಸಿಹಿ. ಹುಳಿ ಸ್ವಲ್ಪವೇ."

ಬಾಯಮ್ಮ ಕಣ್ಣು ಮುಚ್ಚಿಕೊಂಡರು. ಪೊರ್ಬುಗಳು ನನ್ನನ್ನು ತುಂಬ ಹೊತ್ತು ನೋಡಿದರು. ಫೋನಿನಲ್ಲಿ ನೋಡಿದ ಹಾಗೆಯೇ, ಆದರೆ ಈಗ ನಾನು ಬಾಯಿ ಮುಚ್ಚಿಕೊಂಡಿದ್ದೆ.

"ಹಾಗಾದ್ರೆ ಹುಳಿ ಬಂತು. ಸಿಹಿ ಬರ್ಲಿಲ್ಲ," ಎಂದರು. ನಾಲಿಗೆಯಿಂದ ತುಟಿ ಸವರಿಕೊಂಡು, "ಮಣ್ಣು ಹೋಯ್ತಲ್ಲ," ಎಂದರು.

"ಗಂಜಿ ತರ್ಲಾ?" ಎಂದು ಬಾಯಮ್ಮ ಮೆಲ್ಲನೆ ಕೇಳಿದರು.

"ತಾ. ಮಾವಿನಮಿಡಿ ಉಪ್ಪಿನಕಾಯಿಯ ರಸ ಹಾಕು, ಒಂದು ಹನಿ. ಉರಿದ್ರೆ ನಾನು ನೋಡ್ಕೊಳ್ತೇನೆ."

ಬಾಯಮ್ಮ ಓಡಿದರು. ಆ ವಯಸ್ಸಿನವರು ಅಷ್ಟು ಬೇಗ ಮೆಟ್ಟಿಲು ಹತ್ತುವುದನ್ನು ನಾನು ನೋಡಿರಲಿಲ್ಲ.

ಪೊರ್ಬುಗಳು ಊರುಗೋಲಿನಿಂದ ಪರದೆಯ ಅಂಚು ಎತ್ತಿದರು. ಒಳಗೆ ನಾಲ್ಕು ಹಣ್ಣು ಉಳಿದಿತ್ತು. ಎರಡು ಕಪ್ಪು, ಎರಡು ಇನ್ನೂ ಕೆಂಪು.

"ದಿನಕ್ಕೆ ಒಂದು," ಎಂದರು. "ನೀನು ಮುಟ್ಟಬೇಡ ಇನ್ನು. ನಾಳೆಗೆ ಯಾವುದು, ತೋರಿಸು."

ನಾನು ತೋರಿಸಿದೆ. ಅವರು ಕುತ್ತಿಗೆ ಚಾಚಿ ಅದನ್ನು ನೋಡುತ್ತ ಕೂತರು.